ಊರಿಗೇನೋ ಬಂದಾಯ್ತು, ಇರೋಕೆ ಜಾಗ? ಮಂಡ್ಯ–ಮೈಸೂರು ಹಳ್ಳಿಗಳಲ್ಲಿ ಕೈಗೆಟಕುವ ಸೂರಿಗೆ ಒಂದು ಮಾರ್ಗದರ್ಶಿ

2020ರ ಮಾರ್ಚ್ 25ರಂದು ಕೊರೊನಾ ಲಾಕ್‌ಡೌನ್ ಶುರುವಾದಾಗ ಬೆಂಗಳೂರಿನಿಂದ ಬಂದವರು, ಆ ಮೇ ತಿಂಗಳಲ್ಲಿ ಮುಂಬೈಯಿಂದ ಕೆ.ಆರ್.ಪೇಟೆ, ನಾಗಮಂಗಲದ ಕಡೆಗೆ ಕುಟುಂಬ ಸಮೇತ ಬಂದವರು, ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಗಾರ್ಮೆಂಟ್ಸ್ ಮುಚ್ಚಿ ಮನೆಗೆ ಮರಳಿದ ಸಾವಿರಕ್ಕೂ ಹೆಚ್ಚು ಮಂದಿ, 2021ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಗಂಟುಮೂಟೆ ಕಟ್ಟಿದವರು. ಇವರೆಲ್ಲ ಬಂದಿಳಿದದ್ದು ಅಪ್ಪ–ಅಮ್ಮ ಇಬ್ಬರೇ ಇದ್ದ ಹಳೇ ಮನೆಗಳಿಗೆ. 2021ರ ಜೂನ್ 14ರಂದು ರಾಜ್ಯದ ಬಹುಪಾಲು ಜಿಲ್ಲೆಗಳು ತೆರೆದರೂ ಬಿಗಿ ನಿರ್ಬಂಧ ಮುಂದುವರಿದ 11 ಜಿಲ್ಲೆಗಳಲ್ಲಿ ಮಂಡ್ಯ, ಮೈಸೂರು ಎರಡೂ ಇದ್ದವು. ಹಬ್ಬಕ್ಕೆ ಬಂದವರಂತೆ ನಾಲ್ಕು ದಿನ ಒತ್ತಿಕೊಂಡು ಮಲಗುವುದು ಬೇರೆ, ತಿಂಗಳುಗಟ್ಟಲೆ ಒಂದೇ ಹಜಾರದಲ್ಲಿ ಮೂರು ಸಂಸಾರ ನಡೆಸುವುದು ಬೇರೆ. ಒಬ್ಬರಿಗೆ ಜ್ವರ ಬಂದರೆ ಬೇರೆ ಇರಿಸಲು ಕೋಣೆಯಿಲ್ಲ, ಬಚ್ಚಲು ಒಂದೇ.

ಆಗ ಮನಸ್ಸಿಗೆ ಬರುವ ಮೊದಲ ಯೋಚನೆ, ಕೈಸಾಲ ಮಾಡಿಯಾದರೂ ಹಿತ್ತಲಲ್ಲಿ ಒಂದು ತಳಪಾಯ ಹಾಕಿಬಿಡೋಣ ಎನ್ನುವುದು. ದಯವಿಟ್ಟು ಸ್ವಲ್ಪ ತಡೆಯಿರಿ. ದುಡ್ಡಿಲ್ಲದ ಕಾಲದಲ್ಲಿ ಮನೆಯ ವಿಷಯದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಮುಖ್ಯ. ಮೊದಲು ಕಾಗದ, ಆಮೇಲೆ ಪಾಲು, ಆಮೇಲೆ ಇರುವ ಮನೆಯ ದುರಸ್ತಿ, ಅದೂ ಸಾಲದಿದ್ದರೆ ಸರ್ಕಾರದ ಮನೆ, ಕಟ್ಟಕಡೆಗೆ ಸಾಲ. ಈ ಸರದಿ ತಪ್ಪಿಸಿದವರು ಅರ್ಧಕ್ಕೆ ನಿಂತ ಗೋಡೆಗಳಿಗೆ ಬಡ್ಡಿ ಕಟ್ಟುತ್ತಿರುವುದನ್ನು ನಮ್ಮ ಸುತ್ತಲೇ ನೋಡಬಹುದು.

ಅದಕ್ಕೂ ಮುಂಚೆ: ಊರಲ್ಲಿ ಎಷ್ಟು ಕಾಲ ಇರುತ್ತೀರಿ?

ಗಂಡ ಹೆಂಡತಿ ಕೂತು ಮೊದಲು ಇದನ್ನು ಮಾತಾಡಿಕೊಳ್ಳಬೇಕು. ವರ್ಷದೊಳಗೆ ವಾಪಸ್ಸು ಹೋಗುವುದು ಖಚಿತವಾದರೆ ಹೊಸ ಮನೆಯ ಯೋಚನೆ ಬಿಟ್ಟು ನೇರವಾಗಿ ದುರಸ್ತಿಯ ಭಾಗ ಓದಿ. ಊರಲ್ಲೇ ಉಳಿಯುವುದಾದರೆ ಬೆಂಗಳೂರಿನಲ್ಲಿ ಬೀಗ ಹಾಕಿ ಬಂದಿರುವ ಬಾಡಿಗೆ ಮನೆಯನ್ನು ಇಂದೇ ತೀರ್ಮಾನ ಮಾಡಿ. ತಿಂಗಳು ತಿಂಗಳೂ ಬಾಡಿಗೆ ಅಡ್ವಾನ್ಸಿನಲ್ಲಿ ಕರಗುತ್ತಿರುತ್ತದೆ. ಆ ಅಡ್ವಾನ್ಸೇ ನಿಮ್ಮ ಊರಿನ ಸೂರಿಗೆ ಮೊದಲ ಬಂಡವಾಳ.

ಮನೆ ಮಾಲೀಕರಿಗೆ ಫೋನಿನಲ್ಲಿ ಹೇಳಿದರಷ್ಟೇ ಸಾಲದು, ವಾಟ್ಸಾಪಿನಲ್ಲಾದರೂ ಬರಹದಲ್ಲಿ ತಿಳಿಸಿ: ಯಾವ ತಾರೀಕಿಗೆ ಖಾಲಿ ಮಾಡುತ್ತೀರಿ, ಅಡ್ವಾನ್ಸ್ ಎಷ್ಟಿತ್ತು, ಬಾಡಿಗೆ ಬಾಕಿ ಎಷ್ಟು. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಆದೇಶದಲ್ಲಿ ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದು, ಬಲವಂತವಾಗಿ ಹೊರಗೆ ಹಾಕಬಾರದು ಎಂದಿತ್ತು. ಅದು ಬಾಡಿಗೆ ಮನ್ನಾ ಎಂದು ತಿಳಿದು ಕೆಲವರು ಆಮೇಲೂ ವಾದ ಹೂಡಿದರು. ಅದು ಆ ಒಂದು ತಿಂಗಳ ಮಟ್ಟಿಗಿನ ಮಾತು. 2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಎಂದಿದೆಯಾದರೂ ರಾಜ್ಯ ಅದನ್ನು ಕಾನೂನಾಗಿ ಅಳವಡಿಸಿಕೊಳ್ಳುವ ತನಕ ನಮಗೆ ಅನ್ವಯಿಸದು. ಆದ್ದರಿಂದ ನಯವಾಗಿ ಮಾತಾಡಿ ಬಗೆಹರಿಸಿಕೊಳ್ಳುವುದೇ ದಾರಿ. ಆ ಬಾಡಿಗೆಯನ್ನೇ ನಂಬಿ ಬದುಕುವ ಮಾಲೀಕರೂ ಇದ್ದಾರೆ, ಅದೂ ನೆನಪಿರಲಿ.

ಮೊದಲ ಹೆಜ್ಜೆ: ಮನೆಯ ಕಾಗದ ಎಲ್ಲಿದೆ?

ಟ್ರಂಕು ತೆಗೆದು ನೋಡಿ. ಮನೆ ಯಾರ ಹೆಸರಲ್ಲಿದೆ? ಬಹಳಷ್ಟು ಹಳ್ಳಿ ಮನೆಗಳು ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇರುತ್ತವೆ. ಕಂದಾಯ ಕಟ್ಟಿದ ರಸೀದಿ ಇದೆ, ಕರೆಂಟ್ ಬಿಲ್ ಇದೆ, ಆದರೆ ಖಾತೆ ಬದಲಾಗಿಲ್ಲ. ಹೀಗಿದ್ದರೆ ಬ್ಯಾಂಕೂ ಬಾರದು, ಸರ್ಕಾರದ ಮನೆಯೂ ಬಾರದು.

ಗ್ರಾಮ ಪಂಚಾಯ್ತಿಯಲ್ಲಿ ಇ–ಸ್ವತ್ತು (ಪಂಚಾಯ್ತಿ ಆಸ್ತಿಗಳ ಗಣಕೀಕೃತ ದಾಖಲೆ) ಖಾತೆ ಮಾಡಿಸಿಕೊಳ್ಳಬೇಕು. ಅದರಲ್ಲಿ ಎರಡು ಬಗೆ. ಗ್ರಾಮಠಾಣಾದೊಳಗಿನ (ಊರಿನ ಜನವಸತಿಗೆಂದು ಗುರುತಿಸಿದ ಜಾಗ) ಮನೆ, ಸರ್ಕಾರ ಕೊಟ್ಟ ನಿವೇಶನ, ಭೂ ಪರಿವರ್ತನೆಯಾಗಿ ಅನುಮೋದನೆ ಪಡೆದ ಬಡಾವಣೆಯ ಸೈಟು, ಇವಕ್ಕೆ ನಮೂನೆ 9 ಮತ್ತು 11ಎ. ಹೊಲದಲ್ಲಿ ಪರಿವರ್ತನೆಯಿಲ್ಲದೆ ಕಟ್ಟಿಕೊಂಡ ಮನೆಯಂಥವಕ್ಕೆ ನಮೂನೆ 11ಬಿ. ಬಹುತೇಕ ಬ್ಯಾಂಕುಗಳು ಸಾಲ ಕೊಡುವುದು 9 ಮತ್ತು 11ಎ ಇದ್ದರೆ ಮಾತ್ರ. 11ಬಿ ಕಾಗದ ತೋರಿಸಿ ‘ಖಾತೆ ಕ್ಲಿಯರ್ ಐತೆ’ ಎಂದು ಸೈಟು ಮಾರುವವರು ಮೈಸೂರಿನ ಸುತ್ತಲೂ, ಹೆದ್ದಾರಿ ಹಾದುಹೋಗುವ ಮದ್ದೂರು–ಮಂಡ್ಯ ಸಾಲಿನಲ್ಲೂ ಸಿಗುತ್ತಾರೆ. ಕಡಿಮೆ ಬೆಲೆ ನೋಡಿ ಅಡ್ವಾನ್ಸ್ ಕೊಟ್ಟುಬಿಡಬೇಡಿ.

ಹಿರಿಯರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ ಪಡೆದು ಪೌತಿ ಖಾತೆಗೆ ಅರ್ಜಿ ಹಾಕಿ. ಜೊತೆಗೆ ಕಂದಾಯದ ರಸೀದಿ, ಆಧಾರ್, ಮನೆಯ ಮುಂದೆ ನಿಂತ ಫೋಟೋ, ಹಕ್ಕುಪತ್ರ ಅಥವಾ ಕ್ರಯಪತ್ರದ ನಕಲು ಇಟ್ಟುಕೊಳ್ಳಿ. ಅರ್ಜಿ ಕೊಟ್ಟ ದಿನವೇ ಸಕಾಲ ಸಂಖ್ಯೆಯಿರುವ ಸ್ವೀಕೃತಿ ಕೇಳಿ ಪಡೆಯಿರಿ. ‘ನಾಳೆ ಬನ್ನಿ’ ಎನ್ನುವ ಮಾತು ನಿಲ್ಲುವುದು ಆ ಚೀಟಿಯಿಂದ.

ಇನ್ನೊಂದು ಅನುಕೂಲವೂ ಇದೆ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣಾದ ಒಂದೊಂದು ಮನೆಯನ್ನೂ ಅಳೆದು ಆಸ್ತಿ ಕಾರ್ಡು ಕೊಡುತ್ತಾರೆ. ಮೊದಲ ಹಂತಕ್ಕೆ ಆಯ್ದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ನಿಮ್ಮ ಊರಿಗೆ ಅಳತೆಯವರು ಬಂದಾಗ ಅಕ್ಕಪಕ್ಕದವರೊಂದಿಗೆ ನಿಂತು ಗಡಿಗೆ ಸುಣ್ಣದ ಗೆರೆ ಹಾಕಿಸಿಕೊಳ್ಳಿ. ಹಿತ್ತಲಿನ ಮೂರಡಿಗಾಗಿ ಕೋರ್ಟಿಗೆ ಅಲೆಯುವುದು ಇದರಿಂದ ತಪ್ಪುತ್ತದೆ.

ಎರಡನೆಯ ಹೆಜ್ಜೆ: ಪಾಲು

ಯಾರಿಗೂ ಬೇಡವಾದ ಮಾತು ಇದು. ಅಪ್ಪ ಇರುವಾಗ ಪಾಲಿನ ಸುದ್ದಿ ಎತ್ತಿದರೆ ಊರು ಏನೆನ್ನುತ್ತದೋ ಎಂಬ ಅಳುಕು ಒಂದು ಕಡೆ, ವರ್ಷಗಟ್ಟಲೆ ಊರಲ್ಲಿದ್ದು ಅಪ್ಪ–ಅಮ್ಮನನ್ನು ನೋಡಿಕೊಂಡ ಅಣ್ಣನ ಎದುರು ಈಗ ಬಂದು ನನ್ನದೆಷ್ಟು ಎಂದು ಹೇಗೆ ಕೇಳಲಿ ಎಂಬ ಸಂಕೋಚ ಇನ್ನೊಂದು ಕಡೆ. ಆದರೂ ಹಂಚಿಕೆಯಾಗದ ಜಾಗದಲ್ಲಿ ಒಬ್ಬರು ದುಡ್ಡು ಸುರಿದು ಗೋಡೆ ಎಬ್ಬಿಸುವುದಕ್ಕಿಂತ ದೊಡ್ಡ ಮನಸ್ತಾಪಕ್ಕೆ ದಾರಿ ಬೇರೆಯಿಲ್ಲ. ಕಟ್ಟಿದ ಮೇಲೆ ಬರುವ ಜಗಳವನ್ನು ಕಟ್ಟುವ ಮುಂಚೆ ಮಾತಾಗಿ ಮುಗಿಸುವುದು ಲೇಸು.

ಮಾತಿಗೆ ಕೂರುವಾಗ ಟೇಪು ಹಿಡಿದು ಕೂರಿ. ಮನೆಯ ಉದ್ದ ಅಗಲ, ಹಿತ್ತಲು, ಕೊಟ್ಟಿಗೆ, ಮುಂದಿನ ಹಟ್ಟಿ, ನಲ್ಲಿ ಎಲ್ಲಿದೆ, ದಾರಿ ಎಲ್ಲಿದೆ, ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದರೆ ಮಾತು ತಾನಾಗಿ ಹದಕ್ಕೆ ಬರುತ್ತದೆ. ಪಾಂಡವಪುರದ ಕಡೆಯ ಒಂದು ಮನೆಯಲ್ಲಿ ಹೀಗೆ ಅಳೆದಾದ ಮೇಲೆ ತಮ್ಮ ಹೇಳಿದ್ದು ಇಷ್ಟೇ: ‘ಮುಂದ್ಗಡೆ ಮನೆ ನಿಂಗೇ ಇರ್ಲಿ ಕಣಣ್ಣ, ಅಪ್ಪ–ಅವ್ವ ಅಲ್ಲೇ ಇರ್ಲಿ. ಹಿತ್ಲು ನಂಗೆ ಬಿಡು, ಗಾಡಿ ಬರೋವಷ್ಟು ದಾರಿ ಬಿಡು.’ ಅಣ್ಣ ಒಪ್ಪಿದ. ದಾರಿಯನ್ನು ಎಂಟಡಿ ಎಂದು ಕಾಗದದಲ್ಲಿ ಬರೆಸಿದರು. ಹಿತ್ತಲು ಪಡೆಯುವವರು ಮರೆಯಬಾರದ್ದು ಈ ದಾರಿ. ಜಲ್ಲಿ, ಮರಳು ತರುವ ಟ್ರ್ಯಾಕ್ಟರು ಒಳಗೆ ಬರದಿದ್ದರೆ ತಲೆಹೊರೆಯ ಕೂಲಿಯೇ ಒಂದು ಕೋಣೆಯಷ್ಟಾಗುತ್ತದೆ.

ಅಕ್ಕತಂಗಿಯರನ್ನು ಬಿಟ್ಟು ಬರೆದ ಪಾಲುಪಾರೀಕತ್ತು ನಿಲ್ಲುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿ ಜಾರಿಗೆ ಬಂದಾಗ ತಂದೆ ಬದುಕಿರಲಿ ಇಲ್ಲದಿರಲಿ ಹಕ್ಕು ಉಂಟು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಅಥವಾ ಕೋರ್ಟಿನ ಡಿಕ್ರಿಯಿಂದ ಆದ ವಿಭಾಗಗಳನ್ನು ಇದು ಮುಟ್ಟುವುದಿಲ್ಲ. ಅಪ್ಪ ಸ್ವಂತ ದುಡಿಮೆಯಿಂದ ಮಾಡಿದ ಆಸ್ತಿಯಾದರೆ ಲೆಕ್ಕ ಬೇರೆ, ಅದು ಅವರ ಇಷ್ಟ.

ಇದನ್ನು ಕೇವಲ ಸಹಿಯ ತೊಡಕು ಎಂದು ನೋಡಬೇಡಿ. ಕೊರೊನಾದಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಹಜಾರದ ಮೂಲೆಯಲ್ಲೊಂದು ಚಾಪೆ ಕೊಟ್ಟು ಅದನ್ನೇ ಉಪಕಾರ ಎನ್ನುವುದು ಸರಿಯಲ್ಲ, ಆ ಮನೆಯಲ್ಲಿ ಅವರದೂ ಪಾಲಿದೆ. ಪಾಲು ಬೇಡ ಎನ್ನುವ ಅಕ್ಕತಂಗಿಯರು ಮನಃಪೂರ್ವಕವಾಗಿ ಹಾಗೆ ಹೇಳಿದರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿ. ಮದುವೆಯಲ್ಲಿ ಕೊಟ್ಟಾಯಿತಲ್ಲ ಎಂದು ಒತ್ತಾಯದಿಂದ ಸಹಿ ಹಾಕಿಸಿಕೊಳ್ಳಬೇಡಿ.

ವಿಭಾಗ ಪತ್ರವನ್ನು ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಊರಿನ ಹಿರಿಯರ ಮುಂದೆ ಬಿಳಿ ಹಾಳೆಯಲ್ಲಿ ಬರೆದದ್ದು ಮನಸ್ಸಿನ ಸಮಾಧಾನಕ್ಕೆ ಸರಿ, ಖಾತೆಗೆ ಸಾಲದು. ಜಮೀನೂ ಹಂಚಿಕೆಯಾಗುವುದಾದರೆ ಸರ್ವೆಯ 11ಇ ನಕ್ಷೆಗೆ (ಜಮೀನನ್ನು ಭಾಗ ಮಾಡಿ ತೋರಿಸುವ ನಕ್ಷೆ) ಮುಂಚಿತವಾಗಿ ಅರ್ಜಿ ಹಾಕಿ, ಅದಕ್ಕೆ ಸಮಯ ಹಿಡಿಯುತ್ತದೆ.

ಮೂರನೆಯ ಹೆಜ್ಜೆ: ಇರುವ ಮನೆಯೊಳಗೇ ಕೋಣೆ ಹುಡುಕಿ

ಕಡಿಮೆ ದುಡ್ಡಿನಲ್ಲಿ ಸಿಗುವ ಕೋಣೆ ಯಾವಾಗಲೂ ಹಳೇ ಮನೆಯೊಳಗೇ ಇರುತ್ತದೆ. ನಮ್ಮ ಕಡೆಯ ಹೆಂಚಿನ ಮನೆಗಳಲ್ಲಿ ಜಗಲಿ ದಾಟಿ ಒಳಗೆ ಹೋದರೆ ಒಂದು ಬದಿಗೆ ದನದ ಕೊಟ್ಟಿಗೆ ಇರುವುದುಂಟು, ದನವೂ ಜನವೂ ಒಂದೇ ಸೂರಿನಡಿ. ಈ ಕೊಟ್ಟಿಗೆಯನ್ನು ಹಿತ್ತಲಿಗೆ ಸಾಗಿಸಿದರೆ ಗೋಡೆ, ಮಾಡು ಎರಡೂ ಇರುವ ಸಿದ್ಧ ಕೋಣೆಯೊಂದು ಕೈಗೆ ಬರುತ್ತದೆ. ಹಿತ್ತಲಲ್ಲಿ ಹೊಸ ಕೊಟ್ಟಿಗೆ ಕಟ್ಟಲು ನರೇಗಾದಲ್ಲಿ (ಗ್ರಾಮೀಣ ಉದ್ಯೋಗ ಖಾತರಿ ಯೋಜನೆ) ವೈಯಕ್ತಿಕ ಕಾಮಗಾರಿಯಾಗಿ 2021ರಲ್ಲಿ ನೆರವು ಇತ್ತು. ಜಾಬ್ ಕಾರ್ಡ್ ಇರುವ ಪರಿಶಿಷ್ಟರು, ಬಡತನ ರೇಖೆಗಿಂತ ಕೆಳಗಿನವರು, ಹೆಣ್ಣು ಯಜಮಾನಿಕೆಯ ಕುಟುಂಬಗಳು, ಸಣ್ಣ ಮತ್ತು ಅತಿ ಸಣ್ಣ ರೈತರು ಕೇಳಬಹುದಿತ್ತು. ಪಂಚಾಯ್ತಿಯ ಕ್ರಿಯಾ ಯೋಜನೆಯಲ್ಲಿ ಹೆಸರು ಸೇರಬೇಕಿತ್ತು, ಈಗ ಏನಿದೆ ಎಂದು ವಾರ್ಡ್ ಸಭೆಯಲ್ಲಿ ಕೇಳಿ.

ಹಳೇ ಕೊಟ್ಟಿಗೆಯನ್ನು ವಾಸಕ್ಕೆ ಒಗ್ಗಿಸುವುದು ಹೀಗೆ. ವರ್ಷಗಟ್ಟಲೆ ಗಂಜಲ ಹೀರಿದ ನೆಲವನ್ನು ಒಂದಡಿಯಷ್ಟು ಅಗೆದು ಹೊರಗೆ ಹಾಕಬೇಕು. ಮೇಲೆ ಸಿಮೆಂಟು ಬಳಿದು ಮುಚ್ಚಿದರೆ ವಾಸನೆಯೂ ಶೀತವೂ ಮತ್ತೆ ಮೇಲೇಳುತ್ತವೆ. ಒಣ ಗರಸು ತುಂಬಿ, ನೀರು ಚೆಲ್ಲಿ, ದಿಮ್ಮಸು ಹೊಡೆದು, ಅದರ ಮೇಲೆ ಬೆಡ್ ಕಾಂಕ್ರೀಟ್ ಹಾಕಿಸಿ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಬಯಲಿನ ಊರುಗಳಲ್ಲಿ ನೆಲದ ಶೀತ ಹೆಚ್ಚು. ಅಲ್ಲಿ ಕಾಂಕ್ರೀಟಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಖರ್ಚು ಅಲ್ಪ, ಉಪಯೋಗ ಬಹಳ. ಗೋಡೆಯ ಕೆಳಗಿನ ಎರಡಡಿ ಮಣ್ಣು ಉದುರುತ್ತಿದ್ದರೆ ಕೆರೆದು ತೆಗೆದು ಗಿಲಾವು ಮಾಡಿಸಿ.

ಕಿಟಕಿ ಬೇಕೇ ಬೇಕು. ಕೊರೊನಾ ಮುಚ್ಚಿದ ಕೋಣೆಯ ಗಾಳಿಯಲ್ಲಿ ಹರಡುತ್ತದೆ. ನಮ್ಮ ಮಣ್ಣಿನ ಗೋಡೆಗಳು ಒಂದೂವರೆ ಅಡಿ ದಪ್ಪ ಇರುವುದರಿಂದ ಕಿಟಕಿ ಒಡೆಯುವ ಮುಂಚೆ ಮೇಲೆ ಹಾಸುಗಲ್ಲಿನ ಆಸರೆ ಕೊಡಬೇಕು. ಗೊತ್ತಿರುವ ಮೇಸ್ತ್ರಿಯನ್ನೇ ಕರೆಯಿರಿ, ಹಾರೆ ತೆಗೆದುಕೊಂಡು ತಾವೇ ಇಳಿಯಬೇಡಿ. ಎದುರು ಬದುರು ಎರಡು ಕಿಟಕಿ ಆದರೆ ಉತ್ತಮ. ಒಂದೇ ಸಾಧ್ಯವಾದರೆ ಎದುರಿನ ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ ಬಿಡಿಸಿ. ಬೆಳಕಿಗೆ ಮಾಡಿನಲ್ಲಿ ಎರಡು ಗಾಜಿನ ಹೆಂಚು ಸಾಕು.

ಇನ್ನು ಮಾಡು. ಹೆಂಚನ್ನು ಸಾಲು ಸಾಲಾಗಿ ತೆಗೆಸಿ ರೀಪು, ಜಂತೆ, ತೊಲೆಗಳನ್ನು ಕೊಡತಿಯಲ್ಲಿ ತಟ್ಟಿ ನೋಡಿ. ಗಟ್ಟಿ ಮರ ಟಣ್ ಎನ್ನುತ್ತದೆ, ಗೆದ್ದಲು ತಿಂದದ್ದು ಟೊಳ್ಳು ಸದ್ದು ಕೊಡುತ್ತದೆ. ಕೆಟ್ಟ ಜಂತೆಗಳನ್ನಷ್ಟೇ ಬದಲಿಸಿ, ಇಡೀ ಮಾಡು ಕೀಳಿಸುವ ಆಸೆಗೆ ಬೀಳಬೇಡಿ. ಮಂಗಳೂರು ಹೆಂಚು ಹಳೇ ಮನೆ ಕೆಡವಿದ ಕಡೆ ಕಡಿಮೆ ಬೆಲೆಗೆ ಸಿಗುತ್ತದೆ, ಒಡಕು ನೋಡಿ ಆರಿಸಿಕೊಳ್ಳಿ. ಹೆಂಚು ತೆಗೆದು ಸಿಮೆಂಟ್ ಶೀಟು ಹಾಕಿಸುವುದು ಈಗ ಹೆಚ್ಚಾಗಿದೆ. ಏಪ್ರಿಲ್ ಬಿಸಿಲಿನಲ್ಲಿ ಆ ಶೀಟಿನ ಕೆಳಗೆ ಜ್ವರದ ಮನುಷ್ಯನನ್ನು ಮಲಗಿಸಲಾಗದು, ನನ್ನ ಮತ ಯಾವತ್ತಿದ್ದರೂ ಹೆಂಚಿಗೇ. ನಮ್ಮ ಕಡೆ ಮಳೆಯ ಜೋರು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಮಾಡಿನ ಕೆಲಸ ಆಗಸ್ಟ್ ಒಳಗೆ ಮುಗಿಸಿಕೊಳ್ಳಿ.

ಎರಡನೇ ಶೌಚಾಲಯಕ್ಕೆ ಪ್ರೋತ್ಸಾಹಧನ ಸಿಗುವುದಿಲ್ಲ. ಆದರೆ ಪಾಲಾಗಿ ಬೇರೆ ಕುಟುಂಬವೆಂದು ದಾಖಲಾದರೆ ಸ್ವಚ್ಛ ಭಾರತದಡಿ ಪ್ರೋತ್ಸಾಹಧನಕ್ಕೆ (2021ರಲ್ಲಿ 12,000 ರೂಪಾಯಿ) ಅರ್ಜಿ ಹಾಕಬಹುದು. ಪಾಲು ಮೊದಲು ಎನ್ನುವುದಕ್ಕೆ ಇದೂ ಒಂದು ಕಾರಣ.

ನಾಲ್ಕನೆಯ ಹೆಜ್ಜೆ: ಸರ್ಕಾರದ ಮನೆ

ಗ್ರಾಮೀಣ ಭಾಗದಲ್ಲಿ ಮನೆ ಕೊಡುವ ಯೋಜನೆಗಳೆಲ್ಲ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕವೇ ನಡೆಯುತ್ತವೆ. ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ ಬಸವ ವಸತಿ ಯೋಜನೆ, 2021ರಲ್ಲಿ ಸಹಾಯಧನ 1.20 ಲಕ್ಷ. ಪರಿಶಿಷ್ಟ ಜಾತಿ, ಪಂಗಡದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ, ಆಗ 1.75 ಲಕ್ಷ. ವಿಧವೆಯರು, ಅಂಗವಿಕಲರು, ಅಲೆಮಾರಿಗಳು ಮುಂತಾದವರಿಗೆ ದೇವರಾಜ ಅರಸು ವಸತಿ ಯೋಜನೆ. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲು ಸೀಮೆಗೆ 1.20 ಲಕ್ಷ. ಅದರ ಹೆಸರುಗಳು 2011ರ ಸಾಮಾಜಿಕ–ಆರ್ಥಿಕ ಗಣತಿ ಮತ್ತು ಆಮೇಲೆ ನಡೆದ ಆವಾಸ್ ಪ್ಲಸ್ ಸಮೀಕ್ಷೆಯ ಪಟ್ಟಿಯಿಂದ ಬರುತ್ತವೆ.

ಪಂಚಾಯ್ತಿಯಲ್ಲಿ ಎರಡು ಪಟ್ಟಿಗಳಿರುತ್ತವೆ: ಸೈಟು ಇದ್ದು ಮನೆ ಇಲ್ಲದ ವಸತಿರಹಿತರದು ಒಂದು, ಸೈಟೂ ಇಲ್ಲದ ನಿವೇಶನರಹಿತರದು ಇನ್ನೊಂದು. ನಿಮ್ಮ ಹೆಸರು ಯಾವುದರಲ್ಲಿದೆ ಎಂದು ಮೊದಲು ಕೇಳಿ ತಿಳಿಯಿರಿ. ತಪ್ಪು ಪಟ್ಟಿಯಲ್ಲಿದ್ದರೆ ವರ್ಷಗಟ್ಟಲೆ ಕಾದರೂ ಸರದಿ ಬಾರದು. ಅಣ್ಣತಮ್ಮಂದಿರು ಒಂದೇ ರೇಷನ್ ಕಾರ್ಡಿನಲ್ಲಿದ್ದರೆ ಒಂದೇ ಕುಟುಂಬದ ಲೆಕ್ಕ. ಅವರಲ್ಲಿ ಒಬ್ಬರಿಗೆ ಹಿಂದೆಯೇ ಮನೆ ಬಂದಿದ್ದರೆ ಇನ್ನೊಬ್ಬರ ಅರ್ಜಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಪಾಲಾದ ಕೂಡಲೇ ಕಾರ್ಡನ್ನೂ ಬೇರೆ ಮಾಡಿಸಿ.

ಆಯ್ಕೆ ಆಗಬೇಕಾದದ್ದು ಗ್ರಾಮ ಸಭೆಯಲ್ಲಿ. 2020ರಲ್ಲಿ ಪಂಚಾಯ್ತಿಗಳ ಅವಧಿ ಮುಗಿದು ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಆ ಡಿಸೆಂಬರ್ 22 ಮತ್ತು 27ರಂದು ಚುನಾವಣೆ ಆಗಿ ಹೊಸ ಸದಸ್ಯರು ಬಂದರು. ಸದಸ್ಯರ ಮನೆ ಬಾಗಿಲಿಗೆ ಹೋಗಿ ‘ಒಂದು ಮನೆ ಹಾಕ್ಕೊಡಿ’ ಎಂದು ಕೇಳುವುದು ನಮ್ಮ ರೂಢಿ. ಅದರ ಜೊತೆಗೆ ಸಭೆಯಲ್ಲಿ ಎದ್ದು ನಿಂತು ನಿಮ್ಮ ಅರ್ಜಿ ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ಕೇಳುವುದನ್ನೂ ರೂಢಿ ಮಾಡಿಕೊಳ್ಳಿ. ಹೆಣ್ಣುಮಕ್ಕಳು ತಪ್ಪದೆ ಹೋಗಬೇಕು. ಈ ಮನೆಗಳು ಮಂಜೂರಾಗುವುದು ಹೆಚ್ಚಾಗಿ ಮನೆಯೊಡತಿಯ ಹೆಸರಿಗೇ, ಕೇಳುವ ಬಾಯಿಯೂ ಅವರದೇ ಆದರೆ ಬಲ ಹೆಚ್ಚು. ಪಟ್ಟಿಗೆ ಸೇರಿಸುತ್ತೇನೆಂದು ಮಧ್ಯೆ ಯಾರಾದರೂ ಹಣ ಕೇಳಿದರೆ ಒಂದು ರೂಪಾಯಿಯೂ ಕೊಡಬೇಡಿ. ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಬರಹದಲ್ಲಿ ದೂರು ಕೊಡಿ.

ಮನೆ ಮಂಜೂರಾದರೆ ಕೆಲಸದ ಆದೇಶ ಕೈಗೆ ಬರುವ ತನಕ ಗುದ್ದಲಿ ಮುಟ್ಟಬೇಡಿ. ಮೊದಲು ಖಾಲಿ ಜಾಗದ ಫೋಟೋ ಜಿಪಿಎಸ್ ಸಮೇತ ತೆಗೆಯುತ್ತಾರೆ, ಆಮೇಲೆ ತಳಪಾಯ, ಲಿಂಟಲ್, ಛಾವಣಿ, ಮುಕ್ತಾಯ ಎಂದು ನಾಲ್ಕು ಹಂತಗಳಲ್ಲಿ ಫೋಟೋ ತೆಗೆದು ಹಂತಹಂತವಾಗಿ ಹಣ ಖಾತೆಗೆ ಹಾಕುತ್ತಾರೆ. ಆದೇಶಕ್ಕೂ ಮುಂಚೆ ಎದ್ದ ಗೋಡೆಗೆ ಹಣ ಬರುವುದಿಲ್ಲ. ಬಂದೇ ಬರುತ್ತದೆಂದು ಮೊದಲೇ ಕಟ್ಟಿದವರ ಗೋಳು ಹೇಳತೀರದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಪಾಸ್‌ಬುಕ್ಕಿನ ಹೆಸರೂ ಆಧಾರಿನ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ ನೋಡಿಕೊಳ್ಳಿ. ಜಯಮ್ಮ, ಜಯಮ್ಮಣ್ಣಿ ಆದರೂ ಹಣ ತಡೆಯುತ್ತದೆ.

ಇದರ ಜೊತೆಗೆ 2021ರಲ್ಲಿ ನರೇಗಾದಲ್ಲಿ 90 ದಿನದ ಕೂಲಿ ನಿಮ್ಮದೇ ಮನೆ ಕಟ್ಟಿಕೊಳ್ಳಲು ಸಿಗುತ್ತಿತ್ತು. ಆಗಿನ ಕೂಲಿ ದಿನಕ್ಕೆ 289 ರೂಪಾಯಿ, 90 ದಿನಕ್ಕೆ 26,010. ಇದನ್ನು ಎಷ್ಟೋ ಜನ ಕೇಳದೇ ಬಿಟ್ಟರು. ತಳಪಾಯದ ಹೊತ್ತಿಗೇ ನಮೂನೆ 6ರಲ್ಲಿ ಕೆಲಸಕ್ಕೆ ಅರ್ಜಿ ಕೊಟ್ಟು ಎನ್‌ಎಂಆರ್ (ಕೂಲಿಯವರ ಹಾಜರಿ ಪಟ್ಟಿ) ತೆಗೆಸಬೇಕಿತ್ತು. ಮನೆ ಮುಗಿದ ಮೇಲೆ ಕೇಳಿದರೆ ಆಗುತ್ತಿರಲಿಲ್ಲ. ಆಗಿನ ಲೆಕ್ಕದಲ್ಲಿ 1.20 ಲಕ್ಷ, ಈ 26,010, ಶೌಚಾಲಯದ 12,000 ಸೇರಿದರೆ 1,58,010 ರೂಪಾಯಿ.

ಐದನೆಯ ಹೆಜ್ಜೆ: ಉಳಿದ ದುಡ್ಡು

ಆವಾಸ್ ಗ್ರಾಮೀಣದ ಮನೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರಡಿ ಇರಬೇಕು. ಮೇಸ್ತ್ರಿಗಳ ಲೆಕ್ಕದಲ್ಲಿ (ನೂರು ಚದರಡಿಗೆ ಒಂದು ಚದರ) ಮೂರು ಚದರ ಎಂದಿಟ್ಟುಕೊಳ್ಳಿ. 2021ರ ಕಬ್ಬಿಣ, ಸಿಮೆಂಟಿನ ದರದಲ್ಲಿ ಚದರಕ್ಕೆ ಒಂದೂವರೆ ಲಕ್ಷಕ್ಕಿಂತ ಕಡಿಮೆ ಹೇಳುವವರು ಸಿಗುವುದು ಕಷ್ಟವಿತ್ತು. ಒಟ್ಟು ನಾಲ್ಕೂವರೆ ಲಕ್ಷ. ಸರ್ಕಾರದ್ದು ಕಳೆದರೆ ಮೂರು ಲಕ್ಷದ ಹತ್ತಿರ ನೀವು ಹೊಂದಿಸಬೇಕು.

ಆ ಮೂರು ಲಕ್ಷವನ್ನು ಬ್ಯಾಂಕಿನಿಂದ ಶೇ. 8ರ ಬಡ್ಡಿಗೆ ಹತ್ತು ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 3,640 ರೂಪಾಯಿ. ಅದೇ ಹಣವನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದರೆ ತಿಂಗಳಿಗೆ ಬಡ್ಡಿಯೇ 9,000, ಅಸಲು ಅಲುಗುವುದೇ ಇಲ್ಲ. ಬ್ಯಾಂಕು ಸುತ್ತಾಡಿಸುತ್ತದೆ, ಕೈಸಾಲ ಸಂಜೆಯೊಳಗೆ ಸಿಗುತ್ತದೆ, ನಿಜ. ಆದರೂ ಇ–ಸ್ವತ್ತು ಹಿಡಿದು ಬ್ಯಾಂಕಿಗೇ ಅಲೆಯಿರಿ. ಸ್ತ್ರೀಶಕ್ತಿ ಸಂಘದಲ್ಲಿ ಉಳಿತಾಯವಿದ್ದರೆ ಅದರ ಸಾಲ ಎರಡನೆಯ ಆಯ್ಕೆ. ಮೈಕ್ರೋಫೈನಾನ್ಸ್ ಕಂತು ವಾರಕ್ಕೊಮ್ಮೆ ಬರುತ್ತದೆ, ಮನೆಯಂಥ ನಿಧಾನದ ಕೆಲಸಕ್ಕೆ ಅದು ಹೊಂದುವುದಿಲ್ಲ.

ಕಂತಿನ ಲೆಕ್ಕವನ್ನು ಯಾವ ಆದಾಯದ ಮೇಲೆ ಹಾಕುತ್ತೀರಿ ಎಂಬುದೂ ಯೋಚಿಸಬೇಕಾದ್ದು. ಕಬ್ಬಿನ ಹಣ ಕಡಿದ 14 ದಿನದಲ್ಲಿ ಬರಬೇಕೆಂದು ನಿಯಮವಿದ್ದರೂ ಬಾಕಿಗಾಗಿ ಧರಣಿ ಕೂತ ಅನುಭವ ಮಂಡ್ಯದ ರೈತರಿಗೆ ಹೊಸದಲ್ಲ. ಡೇರಿ ಬಟವಾಡೆ ಸಣ್ಣದಾದರೂ ತಪ್ಪದೆ ಬರುತ್ತದೆ. ಹಾಲಿನ ದುಡ್ಡಿನಲ್ಲಿ ಕಟ್ಟಬಹುದಾದಷ್ಟೇ ಕಂತು ಇಟ್ಟುಕೊಂಡು, ಕಬ್ಬಿನ ದುಡ್ಡು ಬಂದಾಗ ಅಸಲಿಗೆ ಒಟ್ಟಿಗೆ ಕಟ್ಟಿ.

ಮೊದಲೇ ಮನೆ ಸಾಲ ಇದ್ದು ಕಂತು ತಪ್ಪುವಂತಿದ್ದವರಿಗೆ ಕೊಟ್ಟ ಕಂತು ಮುಂದೂಡಿಕೆ 2020ರ ಆಗಸ್ಟ್ 31ಕ್ಕೇ ಮುಗಿಯಿತು. ಆಮೇಲೆ 2021ರ ಮೇ 5ರಂದು ರಿಸರ್ವ್ ಬ್ಯಾಂಕು ಸಾಲ ಮರುಹೊಂದಾಣಿಕೆಗೆ ಇನ್ನೊಂದು ಅವಕಾಶ ಕೊಟ್ಟಿತು. ಆ ವರ್ಷದ ಮಾರ್ಚ್ 31ರಂದು ಸಾಲದ ಖಾತೆ ಸುಸ್ತಿಯಾಗಿರಬಾರದಿತ್ತು ಮತ್ತು 2020ರ ಮರುಹೊಂದಾಣಿಕೆಯಲ್ಲಿ ಸೇರಿರಬಾರದಿತ್ತು. ಅವಧಿಯನ್ನು ಎರಡು ವರ್ಷದವರೆಗೆ ವಿಸ್ತರಿಸಬಹುದಿತ್ತು. ಆ ಸೆಪ್ಟೆಂಬರ್ 30ಕ್ಕೆ ಆ ಅವಕಾಶವೂ ಮುಗಿಯಿತು. ಇಂಥ ಮರುಹೊಂದಾಣಿಕೆಯಲ್ಲಿ ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಅದನ್ನು ತಿಳಿದೇ ಸಹಿ ಹಾಕಿ.

ಮಂಡ್ಯ ನಗರ, ಮದ್ದೂರು, ನಂಜನಗೂಡಿನಂಥ ಪಟ್ಟಣದೊಳಗೆ ಮನೆ ಮಾಡುವವರಿಗೆ, ವರ್ಷದ ಆದಾಯ 6 ಲಕ್ಷದೊಳಗಿದ್ದರೆ, ಆವಾಸ್ ನಗರ ಯೋಜನೆಯ ಬಡ್ಡಿ ಸಹಾಯಧನ ಗರಿಷ್ಠ 2.67 ಲಕ್ಷದವರೆಗೆ ಸಿಗುತ್ತಿತ್ತು. ಅದರ ಗಡುವು 2022ರ ಮಾರ್ಚ್ 31ಕ್ಕೆ ಮುಗಿದಿದೆ.

ಕಟ್ಟುವಾಗ

ಪಂಚಾಯ್ತಿಯ ಪರವಾನಗಿ ಮೊದಲು. ಆಮೇಲೆ ಮೇಸ್ತ್ರಿಯೊಂದಿಗೆ ಮಾತು: ಕೂಲಿ ಮಾತ್ರವೋ, ಸಾಮಾನು ಸೇರಿಯೋ, ಗಿಲಾವು, ಸೆಂಟ್ರಿಂಗ್ ಒಳಗೊಂಡಿದೆಯೋ, ಎಲ್ಲ ಬರೆದುಕೊಳ್ಳಿ. ಸಾಮಾನನ್ನು ನೀವೇ ತಂದುಕೊಡುವುದು ಒಳ್ಳೆಯದು. ಅಂದಾಜಿಗೆ ಚದರಕ್ಕೆ 40 ಮೂಟೆ ಸಿಮೆಂಟು ಲೆಕ್ಕ ಹಿಡಿದರೆ ಮೂರು ಚದರಕ್ಕೆ 120. ಒಂದೇ ಸಲ ತಂದು ಪೇರಿಸಬೇಡಿ, ಮಳೆಗಾಲದಲ್ಲಿ ಗಟ್ಟಿಯಾಗುತ್ತದೆ. ಹಂತದ ಹಣ ಬಂದಂತೆ ಆ ಹಂತಕ್ಕೆ ಬೇಕಾದಷ್ಟನ್ನೇ ತನ್ನಿ. ಮೋಲ್ಡ್ ಹಾಕಿದ ಮೇಲೆ ಎರಡು ವಾರವಾದರೂ ನೀರು ನಿಲ್ಲಿಸಲೇಬೇಕು, ದುಡ್ಡು ಕೇಳದ ಕೆಲಸವೆಂದು ಇದನ್ನು ಅಸಡ್ಡೆ ಮಾಡಬೇಡಿ.

ಮುಂದೆ ಮಹಡಿ ಏರಿಸುವ ಆಸೆಗೆ ಈಗಲೇ ಕಂಬ, ದಪ್ಪ ಕಬ್ಬಿಣ ಹಾಕಿಸುವವರಿದ್ದಾರೆ. ಬೇಡ. 2021ರಲ್ಲಿ ಏರಿದಂತೆ ಕಬ್ಬಿಣದ ಬೆಲೆ ಏರಿದರೆ ಆ ಒಂದು ಆಸೆಯೇ ಮನೆಯನ್ನು ಲಿಂಟಲ್ ಮಟ್ಟದಲ್ಲಿ ನಿಲ್ಲಿಸಿಬಿಡುತ್ತದೆ.

ಪಾಲೂ ಇಲ್ಲ, ಸೈಟೂ ಇಲ್ಲ ಎನ್ನುವವರಿಗೆ

ಸರ್ಕಾರಿ ಜಾಗದಲ್ಲಿ ಬಹಳ ಕಾಲದಿಂದ ಮನೆ ಕಟ್ಟಿಕೊಂಡಿರುವ ಗ್ರಾಮೀಣರು ಭೂಕಂದಾಯ ಕಾಯ್ದೆಯ 94ಸಿ ಅಡಿ ಸಕ್ರಮಕ್ಕೆ ಅವಕಾಶವಿದೆಯೇ ಎಂದು ತಹಶೀಲ್ದಾರರಲ್ಲಿ ವಿಚಾರಿಸಬಹುದು. ಕರೆಂಟ್ ಬಿಲ್, ಮತದಾರರ ಚೀಟಿ, ಹಳೇ ರೇಷನ್ ಕಾರ್ಡಿನಂಥ ವಾಸದ ಪುರಾವೆಯೇ ಅಲ್ಲಿ ಮುಖ್ಯ. ಹಾಡಿ, ಹಟ್ಟಿ, ತಾಂಡಾಗಳಲ್ಲಿರುವವರು ಹಕ್ಕುಪತ್ರದ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸಿ.

ಬಾಡಿಗೆಗೆ ಇರುವವರು ಹನ್ನೊಂದು ತಿಂಗಳ ಕರಾರು ಬರೆಸಿಕೊಳ್ಳಿ, ನಂಜನಗೂಡಿನ ತಾಂಡವಪುರ, ಮಂಡ್ಯದ ತೂಬಿನಕೆರೆಯಂಥ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಗಳಲ್ಲಿ ಬಾಯಿಮಾತಿನ ಬಾಡಿಗೆಯೇ ಹೆಚ್ಚು. ಭೋಗ್ಯಕ್ಕೆ ಮನೆ ಹಿಡಿಯುವವರು ಇಡಿಗಂಟು ಕೊಡುವ ಮುಂಚೆ ಆ ಮನೆಯ ಋಣಭಾರ ಪತ್ರ ತೆಗೆಸಿ ನೋಡಿ. ಮೊದಲೇ ಬ್ಯಾಂಕಿಗೆ ಅಡವಿರುವ ಮನೆಯನ್ನು ಭೋಗ್ಯಕ್ಕೆ ಕೊಟ್ಟರೆ ಹರಾಜು ಬಂದ ದಿನ ನಿಮ್ಮ ಗಂಟು ಮುಳುಗುತ್ತದೆ. ಭೋಗ್ಯ ಪತ್ರವನ್ನು ನೋಂದಾಯಿಸಲು ಆಗುವ ಖರ್ಚನ್ನು ಉಳಿಸಲು ಹೋಗಬೇಡಿ.

ದುಡಿಯುವವರನ್ನು ಕೊರೊನಾದಲ್ಲಿ ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ ರಾಜ್ಯ ಸರ್ಕಾರ 2021ರ ಜೂನ್‌ನಲ್ಲಿ 1 ಲಕ್ಷ ರೂಪಾಯಿ ಪರಿಹಾರ ಘೋಷಿಸಿತ್ತು. ಅದು ಇನ್ನೂ ಬಾರದಿದ್ದರೆ ಕೊರೊನಾ ಪಾಸಿಟಿವ್ ವರದಿ, ಆಸ್ಪತ್ರೆಯ ದಾಖಲೆ, ಮರಣ ಪ್ರಮಾಣಪತ್ರ, ಬಿಪಿಎಲ್ ಕಾರ್ಡು ಇವುಗಳನ್ನು ಒಂದೇ ಕಡೆ ಇಟ್ಟುಕೊಂಡು ನಾಡಕಚೇರಿಯಲ್ಲಿ ವಿಚಾರಿಸಿ. ಆ ಹಣ ಬಂದಾಗ ಗಂಡನ ಹೆಸರಿನ ಸಾಲ ತೀರಿಸು ಎಂದು ಸುತ್ತಲಿನವರು ಒತ್ತುತ್ತಾರೆ. ಯಾವ ಸಾಲಕ್ಕೆ ಮನೆ ಅಡವಿದೆಯೋ ಅದನ್ನು ಮೊದಲು ನೋಡಿ, ಉಳಿದವರನ್ನು ಕಾಯಲು ಹೇಳಿ. ನಾಡಕಚೇರಿಗೆ ಹೋದ ದಿನವೇ ವಿಧವಾ ವೇತನಕ್ಕೂ, ದೇವರಾಜ ಅರಸು ವಸತಿ ಯೋಜನೆಯ ಪಟ್ಟಿಗೆ ಹೆಸರು ಸೇರಿಸಲು ಪಂಚಾಯ್ತಿಗೂ ಅರ್ಜಿ ಕೊಟ್ಟು, ಎರಡಕ್ಕೂ ಸ್ವೀಕೃತಿ ಪಡೆದು ಬನ್ನಿ.